ಸಮಾನ ಸಂಬಳದ ಮೇಲೆ ನಿಂತ ರಂಗತಂಡ

ಮಾನ್ಯ ಸಂಪಾದಕರೇ,

ಬಹುಸಂಸ್ಕೃತಿಯ ರಂಗಭೂಮಿಯ ಮಾತು ಬಂದಾಗಲೆಲ್ಲ ಪ್ಯಾರಿಸ್ಸಿನ ‘ತಿಯಾತ್ರ್ ದ್ಯು ಸೊಲೇ’ ತಂಡದ ಹೆಸರು ಬರುತ್ತದೆ. ಆದರೆ ಕೇರಳದ ಕಥಕ್ಕಳಿ, ಜಪಾನಿನ ಕಬುಕಿ ರಂಗಪ್ರಕಾರಗಳಿಂದ ಅದು ಏನೇನು ಪಡೆಯಿತು ಎಂಬಲ್ಲಿಗೇ ಚರ್ಚೆ ಮುಗಿದುಬಿಡುತ್ತದೆ. ಹಲವು ದೇಶಗಳ ಕಲಾವಿದರು ಅರವತ್ತು ವರ್ಷಕ್ಕೂ ಮೀರಿ ಅಲ್ಲಿ ಒಟ್ಟಿಗೆ ದುಡಿಯುವುದು ಹೇಗೆ ಸಾಧ್ಯವಾಯಿತು ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ.

1964ರಲ್ಲಿ ನಿರ್ದೇಶಕಿ ಅರಿಯಾನ್ ಮ್ನೂಶ್ಕಿನ್ ಮತ್ತು ಅವರ ಗೆಳೆಯರು ಈ ತಂಡವನ್ನು ಕಾರ್ಮಿಕರ ಸಹಕಾರಿ ಸಂಘವಾಗಿ ಕಟ್ಟಿದರು. ನಿರ್ದೇಶಕಿಗೂ ನಟರಿಗೂ ತಂತ್ರಜ್ಞರಿಗೂ ಸಮಾನ ಸಂಬಳ ಎಂಬ ತತ್ವವನ್ನು ಒಪ್ಪಿಕೊಂಡು, 1970ರಲ್ಲಿ ಪ್ಯಾರಿಸ್ಸಿನ ಅಂಚಿನ ವಾಂಸೆನ್ ಕಾಡಿನಲ್ಲಿದ್ದ ಕಾರ್ತೂಶ್ರಿ ಎಂಬ ಹಳೆಯ ಮದ್ದುಗುಂಡಿನ ಕಾರ್ಖಾನೆಯನ್ನು ತಾವೇ ದುರಸ್ತಿ ಮಾಡಿ ರಂಗಮಂದಿರವಾಗಿಸಿಕೊಂಡರು. ಅಲ್ಲಿಗೆ ಹೋದ ಪ್ರೇಕ್ಷಕರ ಟಿಕೆಟನ್ನು ಬಾಗಿಲಲ್ಲಿ ನಿಂತು ಪಡೆಯುವವರು ಎಷ್ಟೋ ಬಾರಿ ಸ್ವತಃ ಮ್ನೂಶ್ಕಿನ್. ನಟರು ಎಲ್ಲರ ಕಣ್ಣೆದುರೇ ಬಣ್ಣ ಹಚ್ಚಿಕೊಳ್ಳುತ್ತಾರೆ, ಊಟ ಬಡಿಸಲೂ ನಿಲ್ಲುತ್ತಾರೆ. ದೇಶ, ಭಾಷೆ, ಅನುಭವಗಳಿಂದ ಹುಟ್ಟುವ ಮೇಲುಕೀಳು ಇಂಥ ನಿತ್ಯದ ಕೆಲಸದಲ್ಲಿ ಕರಗುತ್ತದೆಯೇ ಹೊರತು ಘೋಷಣೆಗಳಿಂದಲ್ಲ ಎಂಬುದು ನನ್ನ ದೃಢ ನಂಬಿಕೆ.

ಭಾರತದೊಂದಿಗಿನ ಅದರ ನಂಟನ್ನೂ ಹೀಗೆಯೇ ನೋಡಬೇಕು. ದೇಶ ವಿಭಜನೆಯನ್ನು ಕುರಿತು ಫ್ರೆಂಚ್ ಲೇಖಕಿ ಎಲೆನ್ ಸಿಕ್ಸೂ ಬರೆದ ನಾಟಕವನ್ನು ತಂಡ 1987ರಲ್ಲಿ ಆಡಿತು. 2016ರ ಪ್ರಯೋಗಕ್ಕಾಗಿ ನಟರು ತಮಿಳುನಾಡಿನ ಬಯಲಾಟವಾದ ತೆರುಕ್ಕೂತ್ತನ್ನು ಪುರಿಸೈ ಪರಂಪರೆಯ ಗುರು ಸಂಬಂಧನ್ ತಂಬಿರಾನ್ ಅವರಿಂದ ಕಲಿತು, ಮಹಾಭಾರತದ ಪ್ರಸಂಗಗಳನ್ನು ತಮಿಳಿನಲ್ಲಿಯೇ ರಂಗಕ್ಕೆ ತಂದರು. ಹೆಜ್ಜೆ, ಹಾಡು, ಮಾತು ಮೂರನ್ನೂ ಒಟ್ಟಿಗೆ ಕಲಿಯುವುದು ಎಷ್ಟು ಶ್ರಮದ್ದೆಂದು ಯಕ್ಷಗಾನ ಬಲ್ಲವರಿಗೆ ಹೇಳಬೇಕಾಗಿಲ್ಲ.

ಹಾಗೆಂದು ಈ ತಂಡ ಪ್ರಶ್ನಾತೀತವಲ್ಲ. ಕೆನಡಾದ ಮೂಲನಿವಾಸಿಗಳ ಕಥೆಯನ್ನು ಅದೇ ದೇಶದ ರಂಗಕರ್ಮಿ ರಾಬರ್ಟ್ ಲೆಪಾಜ್ ನಿರ್ದೇಶನದಲ್ಲಿ ಆಡಲು ಅದು ಸಿದ್ಧವಾದಾಗ, ನಟವರ್ಗದಲ್ಲಿ ಆ ಸಮುದಾಯದವರೇ ಇಲ್ಲವೆಂದು ಅಲ್ಲಿನ ಮೂಲನಿವಾಸಿ ಕಲಾವಿದರು 2018ರಲ್ಲಿ ಆಕ್ಷೇಪಿಸಿದರು. ಆದರೂ ಅದೇ ವರ್ಷದ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನ ನಡೆಯಿತು. ನಟನಾದವನು ಯಾರ ಪಾತ್ರವನ್ನಾದರೂ ಧರಿಸಬಹುದು ಎಂಬ ವಾದವನ್ನು ನಾನು ಒಪ್ಪುತ್ತೇನೆ. ಆದರೆ ತಲೆಮಾರುಗಳಿಂದ ವೇದಿಕೆಯೇ ಸಿಗದವರು ತಮ್ಮ ಪಾಲು ಕೇಳುವಾಗ ಆ ವಾದವೊಂದೇ ಉತ್ತರವಾಗಲಾರದು.

ತಂಡದ ಪ್ರಭಾವವನ್ನು ಅಳೆಯಲು ಕಾಬೂಲಿನ ಉದಾಹರಣೆ ಹೆಚ್ಚು ಸೂಕ್ತ. 2005ರಲ್ಲಿ ಅಲ್ಲಿ ನಡೆಸಿದ ಕಾರ್ಯಾಗಾರದಲ್ಲಿ ಕಲಿತ ಅಫ್ಗನ್ ಯುವಕ ಯುವತಿಯರು ‘ಆಫ್ತಾಬ್’ ಎಂಬ ತಮ್ಮದೇ ತಂಡ ಕಟ್ಟಿದರು. ಈ ಕೆಲಸದ ಬಗ್ಗೆ ಕನ್ನಡದ ರಂಗವಿಮರ್ಶಕರು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಇಂತಿ,
ಒಬ್ಬ ರಂಗಾಸಕ್ತ ಓದುಗ