ಎರಡು ಭಾಷೆಗಳ ರಾಕ್ ಸಂಗೀತ

ಮಾನ್ಯರೇ,

ಆಸ್ಟ್ರೇಲಿಯಾ ಎಂದೊಡನೆ ನಮ್ಮ ಪತ್ರಿಕೆಗಳಿಗೆ ಕ್ರಿಕೆಟ್ ಮಾತ್ರ ನೆನಪಾಗುತ್ತದೆ. ಆ ದೇಶದ ಉತ್ತರ ತುದಿಯಲ್ಲಿ, ಆರ್ನಮ್ ಲ್ಯಾಂಡಿನ ಯಿರ್ಕಲಾ ಎಂಬ ಕಡಲತಡಿಯ ಊರಿನ ಗೆಳೆಯರು ಕಟ್ಟಿದ ‘ಕಿಂಗ್ ಸ್ಟಿಂಗ್‌ರೇ’ ರಾಕ್ ತಂಡದ ಬಗ್ಗೆಯೂ ತಾವು ಬರೆಸಬೇಕೆಂದು ವಿನಂತಿಸುತ್ತೇನೆ.

ಇವರು ಇಂಗ್ಲಿಷಿನ ಜೊತೆಗೆ, ಅಲ್ಲಿನ ಮೂಲನಿವಾಸಿಗಳಾದ ಯೋಲ್ಙು ಜನರ ನುಡಿಯಾದ ‘ಯೋಲ್ಙು ಮಾತಾ’ದಲ್ಲೂ ಹಾಡುತ್ತಾರೆ. (ಆ ಹೆಸರಿನ ನಡುವಿನ ಅನುನಾಸಿಕಕ್ಕೆ ರೋಮನ್ ಲಿಪಿಯಲ್ಲಿ ಪ್ರತ್ಯೇಕ ಅಕ್ಷರವನ್ನೇ ರೂಪಿಸಬೇಕಾಯಿತು, ನಮ್ಮ ವರ್ಣಮಾಲೆಯಲ್ಲಿ ಅದಕ್ಕೆ ‘ಙ’ ಸಿದ್ಧವಾಗಿಯೇ ಇದೆ.) ತಲೆಮಾರುಗಳಿಂದ ಬಂದ ‘ಮನಿಕಾಯ್’ ಹಾಡುಗಳ ಲಯ, ಯಿಡಾಕಿ ಎಂಬ ಮರದ ಊದುವಾದ್ಯ, ತಾಳಕ್ಕೆ ಹಿಡಿಯುವ ಬಿಲ್ಮಾ ಕೋಲುಗಳು ಇವರ ಸಂಗೀತದಲ್ಲಿ ಗಿಟಾರಿನೊಂದಿಗೆ ಸರಿಸಮವಾಗಿ ನಿಲ್ಲುತ್ತವೆ, ಅಲಂಕಾರಕ್ಕೆ ಅಂಟಿಸಿದಂತೆ ಎಲ್ಲಿಯೂ ಕೇಳಿಸುವುದಿಲ್ಲ.

ಇದು ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. 1991ರಲ್ಲಿ, ಮೂಲನಿವಾಸಿಗಳೊಂದಿಗೆ ಒಪ್ಪಂದವಾಗಬೇಕೆಂಬ ಬೇಡಿಕೆಯನ್ನು ದೇಶದ ಮನೆಮನೆಗೆ ಹಾಡಿನಲ್ಲಿ ಮುಟ್ಟಿಸಿದ ‘ಯೋತು ಯಿಂಡಿ’ ತಂಡದ ಗಾಯಕನ ಸೋದರಳಿಯ ಯಿರ್ಙಾ ಯುನುಪಿಂಗು ಇಲ್ಲಿನ ಗಾಯಕ. ಅದೇ ತಂಡದ ಬೇಸ್ ವಾದಕನ ಮಗ ರಾಯ್ ಕೆಲ್ಲವೇ ಇಲ್ಲಿನ ಗಿಟಾರ್ ವಾದಕ.

ಬ್ರಿಟಿಷರು ಕಾಲಿಟ್ಟಾಗ ಆಸ್ಟ್ರೇಲಿಯಾದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಇಂದು ಮಕ್ಕಳು ಮನೆಮಾತಾಗಿ ಕಲಿಯುತ್ತಿರುವ ಭಾಷೆಗಳು ತೀರಾ ಕಡಿಮೆ. ಹೀಗಿರುವಾಗ, ಕೆಲವೇ ಸಾವಿರ ಜನರ ಮಾತಿನಲ್ಲಿ ಹಾಡುವ ತಂಡವೊಂದು 2022ರ ತನ್ನ ಚೊಚ್ಚಲ ಆಲ್ಬಮ್‌ಗೆ ಆಸ್ಟ್ರೇಲಿಯನ್ ಮ್ಯೂಸಿಕ್ ಪ್ರೈಜ್ ಪಡೆದದ್ದು ನನಗೆ ಅಪಾರ ಸಂತೋಷ ತಂದಿದೆ. 2024ರಲ್ಲಿ ಇವರ ಎರಡನೆಯ ಆಲ್ಬಮ್ ಕೂಡ ಹೊರಬಂದಿದೆ. ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಇವರಿಗೊಂದು ಪುಟ ಸಿಗಲಿ.

— ಓರ್ವ ಓದುಗ, ಮೈಸೂರು