ಹುಟ್ಟಿದ ಊರೂ ಬರೆಯಿರಿ, ಆಡಿದ ದೇಶವೂ ಬರೆಯಿರಿ

ಸಂಪಾದಕರೇ,

2024ರ ಆಗಸ್ಟ್ 4ರ ಭಾನುವಾರ ಸಂಜೆ ನಮ್ಮನೆಯಲ್ಲಿ ಕರೆಂಟ್ ಇರಲಿಲ್ಲ. ಮಳೆಗಾಲದ ಮಲೆನಾಡಲ್ಲಿ ಇದೇನು ಹೊಸದಲ್ಲ ಬಿಡಿ. ಮಗಳ ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟು ಐದು ಜನ ಪ್ಯಾರಿಸ್ ಒಲಿಂಪಿಕ್ಸ್ ನೋಡ್ತಾ ಕೂತಿದ್ದೆವು. ಜಿಮ್ನಾಸ್ಟಿಕ್ಸ್, ಅನ್‌ಈವನ್ ಬಾರ್ಸ್ ಫೈನಲ್, ಅಂದರೆ ಒಂದು ಮೇಲೆ ಒಂದು ಕೆಳಗೆ ಇರುವ ಎರಡು ಕಂಬಿಗಳ ಮೇಲಿನ ಕಸರತ್ತು. ಅದರಲ್ಲಿ ನಮಗೆ ಗೊತ್ತಿದ್ದ ಹೆಸರು ಅಮೆರಿಕದ ಸುನಿ ಲೀ ಒಂದೇ.

ಅಲ್ಜೀರಿಯಾದ ಕೈಲಿಯಾ ನೆಮೂರ್ ಬಂದಳು. 17 ವರ್ಷ. ಮೇಲಿನ ಕಂಬಿ ಬಿಟ್ಟು ಗಾಳಿಯಲ್ಲಿ ತಿರುಗಿ ಮತ್ತೆ ಅದನ್ನೇ ಹಿಡಿಯುವಾಗ ನಮ್ಮಮ್ಮ "ಅಯ್ಯೋ ಬಿದ್ಲು" ಅಂತ ಎರಡು ಸಲ ಕೂಗಿದರು. ಬೀಳಲಿಲ್ಲ. 15.700 ಅಂಕ, ಚಿನ್ನ! ಲೀಗೆ 14.800, ಕಂಚು. ಆಫ್ರಿಕಾದ ದೇಶವೊಂದಕ್ಕೆ ಜಿಮ್ನಾಸ್ಟಿಕ್ಸ್‌ನಲ್ಲಿ ಒಲಿಂಪಿಕ್ ಪದಕ ಬಂದಿದ್ದು ಇದೇ ಮೊದಲಂತೆ. ಹಿಂದಿನ ವರ್ಷವೇ ಅವಳು ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದಿದ್ದಳು, ಹಾಗಾಗಿ ಬಲ್ಲವರಿಗೆ ಆಶ್ಚರ್ಯ ಆಗಿರಲಿಕ್ಕಿಲ್ಲ. ನಮಗಂತೂ ಆಯ್ತು.

ಜಗಳ ಶುರುವಾಗಿದ್ದು ಆಮೇಲೆ. "ಹುಟ್ಟಿದ್ದು ಫ್ರಾನ್ಸಲ್ಲಿ, ಕಲಿತಿದ್ದೂ ಅಲ್ಲೇ, ಅಲ್ಜೀರಿಯಾದವರು ಸುಮ್ನೆ ಬಾವುಟ ಹೊದಿಸಿದ್ರು" ಅಂದರು ನಮ್ಮ ಭಾವ. ಮಗಳು ಬಿಡಬೇಕಲ್ಲ. ಅಪ್ಪನ ಕಡೆಯಿಂದ ಅವಳು ಅಲ್ಜೀರಿಯಾದವಳೇ ಮಾವ, ಮಂಡಿ ಆಪರೇಷನ್ ಆದಮೇಲೆ ಫ್ರಾನ್ಸಿನ ಫೆಡರೇಷನ್ ಜೊತೆ ತಕರಾರಾಯ್ತು, ಅದಕ್ಕೇ ಅಪ್ಪನ ದೇಶಕ್ಕೆ ಆಡಿದಳು ಅಂತ ವಾದ. ಭಾವ ಒಪ್ಪಲಿಲ್ಲ.

ಅಷ್ಟೊತ್ತೂ ಸುಮ್ಮನಿದ್ದ ನಮ್ಮಪ್ಪ, "ಹಂಗಾದ್ರೆ ನಂದು ಯಾವೂರೋ?" ಅಂದರು.

ಅಪ್ಪ ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಮನೆಯ ಹೆಂಚು ಇಳಿಸಿ, ದನಕರು ಹೊಡೆದುಕೊಂಡು ಶಿವಮೊಗ್ಗ ಕಡೆ ಬಂದವರು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಹಳೆಯ ಮಡೇನೂರು ಅಣೆಕಟ್ಟು ಕಾಣುತ್ತದಲ್ಲ, ಅದನ್ನು ನೋಡಿ ಬಂದ ದಿನ ಅಪ್ಪ ಯಾರ ಹತ್ತಿರವೂ ಜಾಸ್ತಿ ಮಾತಾಡುವುದಿಲ್ಲ. ಈಗಿನ ಊರಲ್ಲಿ ಅರವತ್ತು ವರ್ಷ ಆಯ್ತು, ಇವತ್ತಿಗೂ ನಮ್ಮನ್ನು 'ಮುಳುಗಡೆಯವರು' ಅಂತಲೇ ಕರೆಯುತ್ತಾರೆ. ಮುಳುಗಿದ ಊರಿಗೆ ಹೋಗಿ ಕೇಳೋಣ ಅಂದರೆ ಅಲ್ಲಿ ಯಾರಿದ್ದಾರೆ?

ಅದಕ್ಕೇ ಈ ಪತ್ರ. ಕ್ರೀಡಾ ಪುಟದಲ್ಲಿ ಇಂಥವರ ಬಗ್ಗೆ ಬರೆಯುವಾಗ ಒಂದೇ ಊರು ಹಾಕಿ ಮುಗಿಸಬೇಡಿ. ಹುಟ್ಟಿದ್ದೆಲ್ಲಿ, ಆಡಿದ್ದು ಯಾರಿಗೆ, ಯಾಕೆ ಹೋದಳು, ಮೂರೂ ಬರೆಯಿರಿ. ನಾಲ್ಕು ಸಾಲು ಜಾಸ್ತಿ ಆಗಬಹುದು, ಅಷ್ಟೇ ಅಲ್ವಾ?

ಭಾವ ಇನ್ನೂ ಒಪ್ಪಿಲ್ಲ. ನೀವು ಅಚ್ಚು ಹಾಕಿದರೆ ತೋರಿಸುತ್ತೇನೆ.

ಇಂತಿ,
ಒಬ್ಬ ಓದುಗ, ಶಿವಮೊಗ್ಗ ತಾಲ್ಲೂಕು