ಎದುರುಗಾಳಿಗೆ ಮೊದಲು ಹೋಗು

ಲೇ ದೋಸ್ತ,

ದಾವಣಗೆರೆಯ ಕುಂದವಾಡ ಕೆರೆ ಹತ್ರ ವಾಕಿಂಗ್ ಬರುವ ನಾಲ್ಕು ಜನ ಸೇರಿ ಸೈಕಲ್ ಗುಂಪು ಮಾಡ್ತೀವಿ, ನೀವು ಅಲ್ಲಿ ಹೆಂಗೆ ಶುರು ಮಾಡಿದಿರಿ ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ಅವತ್ತು ಮಗಳು ಅಳುತ್ತಿದ್ದಳು, ಸರಿಯಾಗಿ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ. ಬೇರೆಯವರಿಗೂ ಉಪಯೋಗಕ್ಕೆ ಬಂದೀತು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ, ಬೇಜಾರಾಗಬೇಡ.

ಉಟ್ರೆಕ್ಟ್‌ಗೆ ಬಂದ ಹೊಸದರಲ್ಲಿ ನನಗೆ ಭಾರಿ ಜಂಬ. ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಕಲಿತವನು, ಅಶೋಕ ರಸ್ತೆ ರೈಲ್ವೆ ಗೇಟಿನಲ್ಲಿ ಲಾರಿ, ಆಟೋ, ಎಮ್ಮೆಗಳ ಮಧ್ಯೆ ನುಗ್ಗಿ ಬಂದವನು, ನನಗೆ ಈ ಹಾಲೆಂಡಿನವರು ಏನು ಸೈಕಲ್ ಹೇಳಿಕೊಡ್ತಾರೆ ಅಂತ. ಒಂದು ಹಳೇ ಕರೀ ಸೈಕಲ್ ಕೊಂಡೆ. ಹ್ಯಾಂಡಲ್ ನೋಡಿದರೆ ಬ್ರೇಕೇ ಇಲ್ಲ! ಪೆಡಲ್ ಹಿಂದಕ್ಕೆ ತುಳಿದರೆ ಅದೇ ಬ್ರೇಕು. ನಾವು ಇಳಿಜಾರಿನಲ್ಲಿ ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸ್ತಾ ಕಟಕಟ ಸದ್ದು ಮಾಡ್ತಾ ಹೋಗ್ತಿದ್ದೆವಲ್ಲ, ಆ ಚಾಳಿ ಎಲ್ಲಿ ಹೋಗುತ್ತೆ. ಮೊದಲ ತಿರುವಿನಲ್ಲೇ ಕಾಲು ಹಿಂದಕ್ಕೆ ಹೋಯಿತು, ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು, ನಾನು ಮಾತ್ರ ನಿಲ್ಲಲಿಲ್ಲ. ಹಿಂದೆ ಬರುತ್ತಿದ್ದ ಅಜ್ಜಿಯೊಬ್ಬರು ಬೆಲ್ ಹೊಡೆದು, ಪಕ್ಕದಲ್ಲಿ ಹಾದು ಹೋದರು. ಮೊಣಕೈ ತರಚಿತ್ತು. ಜಂಬವೂ.

ಗುಂಪಿನ ವಿಷಯಕ್ಕೆ ಬರ್ತೀನಿ. ಇಲ್ಲಿಯ ಕನ್ನಡದವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿದೆ. ಭಾನುವಾರ ಬೆಳಿಗ್ಗೆ 9 ಗಂಟೆ, ರೇಸ್ ಅಲ್ಲ, ಮಧ್ಯೆ ಕಾಫಿ. ಹೆಬ್ಬೆಟ್ಟು ಒತ್ತಿದವರು ಇಪ್ಪತ್ತಕ್ಕೂ ಜಾಸ್ತಿ. ಬಂದವರು ಐದು ಜನ, ನನ್ನ ಹೆಂಡತಿಯನ್ನೂ ಸೇರಿಸಿ. ಅವಳು ಜಗಳೂರಿನವಳು, ಗೊತ್ತಲ್ವಾ. ಮನೆಯಲ್ಲಿ ಸೈಕಲ್ ಇತ್ತು, ಆದರೆ ಅದು ಅಣ್ಣಂದಿರದ್ದು. ಇಲ್ಲಿಗೆ ಬಂದ ಮೇಲೆ 34ನೇ ವಯಸ್ಸಿಗೆ ಕಲಿತಳು.

ಇಲ್ಲಿ ಸೈಕಲ್ ದಾರಿಗಳು ಕೂಡುವ ಕಡೆಯೆಲ್ಲ ಒಂದೊಂದು ನಂಬರಿನ ಬೋರ್ಡ್ ಇರುತ್ತದೆ. ಹೋಗಬೇಕಾದ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿಕೊಂಡರೆ ಮುಗೀತು, ಬಾಣದ ಗುರುತು ನೋಡಿಕೊಂಡು ಹೋಗೋದು. ಈ ಉಪಾಯ ಪಕ್ಕದ ಬೆಲ್ಜಿಯಂನ ಒಬ್ಬ ಗಣಿ ಎಂಜಿನಿಯರ್ ತಲೆಯಿಂದ ಬಂದದ್ದಂತೆ, 1995ರಲ್ಲಿ ಶುರುವಾಗಿದ್ದು. ನಾವು ವೆಖ್ಟ್ ನದಿ ದಂಡೆ ಹಿಡಿದು ಉತ್ತರಕ್ಕೆ ಹೊರಟೆವು. ಏರಿಲ್ಲ, ಇಳಿಜಾರಿಲ್ಲ, ರೊಟ್ಟಿ ಕಲ್ಲಿನ ಹಾಗೆ ಸಪಾಟು. ಹೂವೆತ್ತಿದ ಹಾಗೆ 20 ಕಿ.ಮೀ. ಹೋಗಿಬಿಟ್ಟೆವು, ನಾವೆಲ್ಲ ಎಂಥಾ ಗಟ್ಟಿಗರು ಅಂತ ಬೀಗಿದ್ದೂ ಆಯಿತು.

ವಾಪಸ್ ತಿರುಗಿದಾಗ ಗೊತ್ತಾಯಿತು, ನಮ್ಮನ್ನು ತಂದಿದ್ದು ಕಾಲಲ್ಲ, ಬೆನ್ನಿಗಿದ್ದ ಗಾಳಿ. ಚಿತ್ರದುರ್ಗದ ಜೋಗಿಮಟ್ಟಿ ಮೇಲೆ ಆ ಕರೆಂಟ್ ಮಾಡುವ ದೊಡ್ಡ ಫ್ಯಾನುಗಳ ಹತ್ರ ನಿಂತರೆ ಶರ್ಟು ಪಟಪಟ ಅನ್ನುತ್ತಲ್ಲ, ಆ ಗಾಳಿ, ಎದುರಿಗೆ, ಒಂದೂವರೆ ತಾಸು. ಗಂಡಸರು ನಾಲ್ಕೂ ಜನ ಹಠಕ್ಕೆ ಬಿದ್ದು ತಲೆ ಬಗ್ಗಿಸಿ ತುಳಿದೆವು. ಒಂದು ಸೇತುವೆ ಹತ್ರ ನಿಂತು ಹಿಂದೆ ನೋಡಿದರೆ ಹೆಂಡತಿ ಇಲ್ಲ. ಫೋನಿನಲ್ಲಿ ಅವಳದು ಮೂರು ಮಿಸ್ಡ್ ಕಾಲ್. ರೇಸ್ ಅಲ್ಲ ಅಂತ ಬರೆದವನು ನಾನೇ, ಬಿಟ್ಟು ಬಂದವನೂ ನಾನೇ. ತಿರುಗಿ ಫೋನ್ ಮಾಡಿದರೆ, "41ನೇ ನಂಬರ್ ಬೋರ್ಡಿನ ಪಕ್ಕ ಬೆಂಚ್ ಮೇಲೆ ಕೂತಿದೀನಿ, ನಿಧಾನಕ್ಕೆ ಬನ್ನಿ" ಅಂದಳು. ಆ ದನಿ ನಿನಗೂ ಗೊತ್ತಿರುತ್ತೆ, ಮದುವೆಯಾದವನು. ಹೋಗಿ ನೋಡಿದರೆ ಎಲ್ಲರಿಗೂ ಅಂತ ತಂದಿದ್ದ ನರ್ಗಿಸ್ ಮಂಡಕ್ಕಿ ಡಬ್ಬಿ ಖಾಲಿ. ತಳದಲ್ಲಿ ಎರಡು ಶೇಂಗಾ ಉಳಿದಿದ್ದವು.

ಆಮೇಲೆ ನಾವು ಕಲಿತಿದ್ದು ಇಷ್ಟು. ಹೋಗುವಾಗಲೇ ಎದುರುಗಾಳಿಗೆ ಹೋಗಬೇಕು, ಸುಸ್ತಾದ ಮೇಲೆ ಗಾಳಿಯೇ ಮನೆಗೆ ತಳ್ಳುತ್ತದೆ. ಎಲ್ಲರಿಗಿಂತ ನಿಧಾನದವರು ಕೊನೆಗಲ್ಲ, ಎರಡನೆಯವರಾಗಿ ಬರಬೇಕು. ಮುಂದಿನವನ ಬೆನ್ನ ಹಿಂದೆ ಗಾಳಿ ಹೊಡೆತ ಕಮ್ಮಿ, ಅವರ ಸ್ಪೀಡೇ ಎಲ್ಲರ ಸ್ಪೀಡಾಗುತ್ತದೆ. ಕೊನೆಯಲ್ಲಿ ಪಂಚರ್ ಹಾಕಲು ಬರುವವನೊಬ್ಬ. ಇಬ್ಬರು ಅಕ್ಕಪಕ್ಕ ಹೋಗಬಹುದು, ಇಲ್ಲಿ ಕಾನೂನೇ ಬಿಡುತ್ತದೆ, ಮೂರನೆಯವನು ಸೇರುವ ಹಾಗಿಲ್ಲ. ಹಾಗಾಗಿ ಹರಟೆ ಇಬ್ಬಿಬ್ಬರದೇ, ಕಾಫಿ ಆದ ಮೇಲೆ ಜೋಡಿ ಬದಲು. ನಿಜ ಹೇಳ್ತೀನಿ, ಜನ ಮತ್ತೆ ಮತ್ತೆ ಬರೋದು ಈ ಹರಟೆಗೆ. ಈಗ ಹದಿನೈದು ಜನ ಬರ್ತಾರೆ, ಪಕ್ಕದ ಮನೆಯ ಡಚ್ ದಂಪತಿಯೂ ಸೇರಿ.

ನೀವು ಮೊದಲೇ ಹೆಸರು, ಟೀ ಶರ್ಟು, ಚಂದಾ ಅಂತ ಕೂರಬೇಡಿ. ಟೀ ಶರ್ಟ್ ಬಣ್ಣಕ್ಕೇ ಜಗಳವಾಗಿ ಮುರಿದ ಗುಂಪು ನಾನೇ ನೋಡಿದ್ದೇನೆ. ಹೈವೇಗೂ ಇಳಿಯಬೇಡಿ, ಅಲ್ಲಿ ಇಲ್ಲಿಯ ಹಾಗೆ ನಂಬರ್ ಬೋರ್ಡೂ ಇಲ್ಲ, ಕೆಂಪು ಸೈಕಲ್ ದಾರಿಯೂ ಇಲ್ಲ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬರುತ್ತದೆ, ಆಗ ಹರಿಹರದ ಕಡೆ ಮೊದಲು ಹೋಗಿ ಬೆನ್ನುಗಾಳಿಗೆ ವಾಪಸ್ ಬನ್ನಿ. ಬೇಸಿಗೆಯಲ್ಲಿ 6ಕ್ಕೆಲ್ಲ ಹೊರಟುಬಿಡಿ. ಬೆಣ್ಣೆದೋಸೆ ಕೊನೆಗಿರಲಿ, ಮಧ್ಯೆ ತಿಂದರೆ ಯಾರೂ ಸೈಕಲ್ ಹತ್ತಲ್ಲ.

ಡಿಸೆಂಬರಿಗೆ ಬರ್ತಿದ್ದೇವೆ. ನಿಮ್ಮಪ್ಪನ ಅಟ್ಲಾಸ್ ಇನ್ನೂ ಇದ್ದರೆ ಗಾಳಿ ಹೊಡೆಸಿ ಇಡು, ಅದು ನನಗೆ. ಅವಳಿಗೊಂದು ಲೇಡೀಸ್ ಸೈಕಲ್ ನೋಡು. ಕಲಿತಿದ್ದೇ ಇಲ್ಲಿ ನೋಡು, ಅವಳಿಗೆ ಬ್ರೇಕ್ ಅಂದರೆ ಕಾಲು. ಹಾಗಾಗಿ ಮೊದಲ ದಿನ ಗಾಜಿನ ಮನೆ ಹತ್ರ ಖಾಲಿ ರಸ್ತೆ ಎಲ್ಲಾದರೂ ಇದ್ದರೆ ಹೇಳು, ನೀನು ಮಾತ್ರ ಅವಳ ಮುಂದೆ ನಿಂತ್ಕೋಬೇಡ.

ಇಂತಿ ನಿನ್ನ
ಒಳಪೆಡಲ್ ದೋಸ್ತ